ಮಳೆಯ ಲೆಕ್ಕ ಕೊಡುವಾಗ ಅಳೆದದ್ದೋ ಅಂದಾಜೋ ಹೇಳಿ

ಮಾನ್ಯ ಸಂಪಾದಕರೇ,

ಜೋರು ಮಳೆಯಾದ ಮರುದಿನ ಪೇಪರ್ ಬಿಚ್ಚಿದರೆ ಮೊದಲು ಕಣ್ಣಿಗೆ ಬೀಳುವುದು ಮಿಲಿಮೀಟರ್. ಅಲ್ಲಿ 90, ಇಲ್ಲಿ 140, ಇನ್ನೊಂದು ಕಡೆ 200 ದಾಟಿದೆ ಅಂತ. ಟಿವಿ ಹಾಕಿದರೆ ಕೆಂಪು, ನೇರಳೆ ಬಣ್ಣದ ನಕ್ಷೆ. ವಾಟ್ಸಾಪಿನಲ್ಲಿ ಯಾರೋ ಕಳಿಸಿದ ಆ್ಯಪಿನ ಚಿತ್ರ. ಇದರಲ್ಲಿ ಯಾವುದು ನೆಲದ ಮೇಲೆ ಮಾಪಕ ಇಟ್ಟು ಅಳೆದದ್ದು, ಯಾವುದು ರಾಡಾರ್ ಅಂದಾಜು, ಯಾವುದು ಉಪಗ್ರಹದ ಅಂದಾಜು, ಯಾವುದು ಕಂಪ್ಯೂಟರ್ ಹಾಕಿದ ಬರೀ ಮುನ್ಸೂಚನೆ ಅಂತ ಓದುವವರಿಗೆ ಗೊತ್ತೇ ಆಗುವುದಿಲ್ಲ. ಎಲ್ಲವೂ ಒಂದೇ ಸಾಲಿನಲ್ಲಿ ಬಂದು ಕೂರುತ್ತವೆ. ನನ್ನ ಬೇಡಿಕೆ ಒಂದೇ. ಪ್ರತಿ ಅಂಕಿಯ ಪಕ್ಕ ಅದು ಎಲ್ಲಿಂದ ಬಂತು ಅನ್ನುವುದನ್ನು ಎರಡು ಪದದಲ್ಲಿ ಹಾಕಿ.

ಸಣ್ಣ ವಿಷಯ ಅಂತ ಅನ್ನಿಸಬಹುದು. ನಮಗೆ ಸಣ್ಣದಲ್ಲ. ಹಿಂದೊಂದು ವರ್ಷ ಹಸ್ತ ಮಳೆಯಲ್ಲಿ ನಮ್ಮೂರ ಹಳ್ಳ ಉಕ್ಕಿ, ಒಡ್ಡು ಒಡೆದು, ತೊಗರಿ ಹೊಲದಲ್ಲಿ ಮೊಳಕಾಲುದ್ದ ನೀರು ನಿಂತಿತ್ತು. ದ್ರಾಕ್ಷಿಗೆ ಆಗಷ್ಟೇ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿದಿತ್ತು. ಚಿಗುರು ಹೊರಡುವ ಹೊತ್ತಿಗೆ ತೋಟದೊಳಗೆ ಕಾಲಿಡುವ ಹಾಗಿಲ್ಲ, ಔಷಧಿ ಹೊಡೆಯುವ ಹಾಗಿಲ್ಲ, ಹತ್ತೇ ದಿನದಲ್ಲಿ ಡೌನಿ ರೋಗ ಬಂದು ಕೂತಿತು. ಅರ್ಜಿ ಹಿಡಿದು ಒಂದು ಕಚೇರಿಗೆ ಹೋದೆವು. ಅಲ್ಲಿದ್ದವರು ಮೊಬೈಲ್ ತೆಗೆದು ಉಪಗ್ರಹದ ನಕ್ಷೆ ತೋರಿಸಿದರು. ನಮ್ಮೂರಿನ ಮೇಲೆ ತಿಳಿ ಹಸಿರು ಬಣ್ಣ. "ನಿಮ್ಮ ಕಡೆ ಅಷ್ಟ ಮಳೀನ ಆಗಿಲ್ಲ ನೋಡ್ರಿ ಯಜಮಾನ್ರ" ಅಂದರು. "ಸಾಹೇಬ್ರ, ಹೊಲಕ್ಕ ಬಂದು ನೋಡ್ರಿ, ಇನ್ನೂ ನೀರು ಇಳಿದಿಲ್ಲ" ಅಂತ ನಮ್ಮ ಜೊತೆಗಿದ್ದವರು ಎಷ್ಟು ಹೇಳಿದರೂ ಅವರ ಬೆರಳು ಆ ಹಸಿರು ಚೌಕದ ಮೇಲೇ ಇತ್ತು. ಅವರು ಕೆಟ್ಟವರಲ್ಲ. ಆ ಬಣ್ಣವನ್ನು ನಿಜವಾಗಿಯೂ ಅಳತೆ ಅಂತಲೇ ನಂಬಿದ್ದರು. ಆ ನಂಬಿಕೆಯೇ ನನಗೆ ಹೆದರಿಕೆ ಹುಟ್ಟಿಸುತ್ತದೆ. ಯಾಕೆಂದರೆ ಸಾಧಾರಣ ಮಳೆಯಲ್ಲಿ ತಕ್ಕಮಟ್ಟಿಗೆ ಸರಿ ಹೇಳುವ ಈ ಸಾಧನಗಳು ಅತೀ ಜೋರು ಮಳೆಯ ದಿನವೇ ಜಾಸ್ತಿ ತಪ್ಪುತ್ತವೆ.

ಉಪಗ್ರಹದಿಂದ ಶುರು ಮಾಡುತ್ತೇನೆ. ನಮ್ಮ ದೇಶದ ಮೋಡದ ಚಿತ್ರ ಕಳಿಸುವುದು ಇನ್ಸಾಟ್ ಸರಣಿಯ ಉಪಗ್ರಹಗಳು. ಇನ್ಸಾಟ್ 3ಡಿಆರ್ 2016ರಲ್ಲಿ ಹೋಯಿತು, 3ಡಿಎಸ್ 2024ರಲ್ಲಿ. ಅವು ಇರುವುದು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿಂದ ಮಳೆ ಕಾಣುವುದಿಲ್ಲ, ಮೋಡದ ನೆತ್ತಿ ಕಾಣುತ್ತದೆ. ನೆತ್ತಿ ಎಷ್ಟು ತಣ್ಣಗಿದೆ ಅನ್ನುವುದನ್ನು ಉಪಗ್ರಹ ಅಳೆಯುತ್ತದೆ. ತಣ್ಣಗಿದ್ದಷ್ಟೂ ಮೋಡ ಎತ್ತರ, ಎತ್ತರವಿದ್ದಷ್ಟೂ ಮಳೆ ಜಾಸ್ತಿ, ಇದು ಮುಖ್ಯ ಲೆಕ್ಕ. ಆಮೇಲೆ ಗಾಳಿಯ ತೇವ, ಬೆಟ್ಟ ಗುಡ್ಡ ಎಲ್ಲ ಸೇರಿಸಿ ತಿದ್ದುತ್ತಾರೆ, ಆದರೂ ಬುನಾದಿ ಅದೇ.

ಈಗ ನಮ್ಮ ಮೇ ತಿಂಗಳ ಅಡ್ಡ ಮಳೆಯನ್ನು ನೆನಪಿಸಿಕೊಳ್ಳಿ. ಸಂಜೆ ನಾಲ್ಕಕ್ಕೆ ಒಂದು ಕಡೆ ಮೋಡ ಏಳುತ್ತದೆ, ಅದರ ನೆತ್ತಿ ಮೇಲೆ ಹೋಗಿ ಚಪ್ಪಟೆಯಾಗಿ ಎರಡು ಮೂರು ತಾಲ್ಲೂಕಿನ ಮೇಲೆ ಹರಡಿಕೊಳ್ಳುತ್ತದೆ. ಮಳೆ ಬೀಳುವುದು ನಾಲ್ಕೈದು ಹಳ್ಳಿಗೆ. ಉಪಗ್ರಹಕ್ಕೆ ಹರಡಿದ ನೆತ್ತಿಯೆಲ್ಲ ತಣ್ಣಗೆ ಕಾಣುವುದರಿಂದ ಧೂಳು ಹಾರಿ ಸುಮ್ನೆ ಹೋದ ಊರಿಗೂ ಮಳೆ ಬರೆದುಬಿಡಬಹುದು. ನಿಜವಾಗಿ ಒಡ್ಡು ಒಡೆದ ಊರಿಗೆ ಕಡಿಮೆ ಬರೆಯಬಹುದು.

ಘಟ್ಟದ ಕಡೆ ಇದರ ಉಲ್ಟಾ ನಡೆಯುತ್ತದೆ, ಮತ್ತು ಬೆಳಗಾವಿ, ಬಾಗಲಕೋಟೆಯವರು ಚಿಂತೆ ಮಾಡಬೇಕಾದದ್ದು ಇದನ್ನೇ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತದೆ. ಅಲ್ಲಿ ಜೂನ್, ಜುಲೈ, ಆಗಸ್ಟಿನಲ್ಲಿ ಸುರಿಯುವುದು ಸಮುದ್ರದ ಗಾಳಿ ಗುಡ್ಡಕ್ಕೆ ಬಡಿದು ಮೇಲೇರುವಾಗ ಆಗುವ ಮಳೆ. ಇದರಲ್ಲಿ ಎಷ್ಟೋ ಸಲ ಮೋಡ ಅಷ್ಟೇನೂ ಎತ್ತರ ಇರುವುದಿಲ್ಲ, ನೆತ್ತಿ ಬೆಚ್ಚಗೇ ಇರುತ್ತದೆ, ಆದರೆ ದಿನಗಟ್ಟಲೆ ಬಿಡದೆ ಸುರಿಯುತ್ತದೆ. ಬೆಚ್ಚಗಿನ ನೆತ್ತಿ ನೋಡಿ ಉಪಗ್ರಹದ ಲೆಕ್ಕ ಕಡಿಮೆ ಬರುತ್ತದೆ. ಪಶ್ಚಿಮ ಘಟ್ಟದ ಮಳೆಯನ್ನು ಉಪಗ್ರಹಗಳು ಕಡಿಮೆ ತೋರಿಸುತ್ತವೆ ಅನ್ನುವುದು ಹವಾಮಾನ ವಿಜ್ಞಾನಿಗಳಿಗೆ ಚೆನ್ನಾಗಿ ಗೊತ್ತಿರುವ ವಿಷಯ. ನವಿಲುತೀರ್ಥದ ಜಲಾಶಯ ತುಂಬುವುದು ಈ ಮಳೆಯಿಂದ. ಘಟಪ್ರಭೆಯದೂ ಹಾಗೇ, ಕೃಷ್ಣೆಯದೂ ಹಾಗೇ, ಎಲ್ಲ ಸಹ್ಯಾದ್ರಿಯಲ್ಲೇ ಹುಟ್ಟಿ ಬರುವವು. ಅಂದರೆ ನಮ್ಮ ಮೂರೂ ನದಿಗಳ ನೀರು ಬೀಳುವ ಜಾಗದಲ್ಲೇ ಉಪಗ್ರಹದ ಕಣ್ಣು ಮಂಜು. 2019ರ ಆಗಸ್ಟಿನಲ್ಲಿ ಗೋಕಾಕ, ರಾಮದುರ್ಗ, ಮುಧೋಳ ಮುಳುಗಿದ್ದು, ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ಮಲಪ್ರಭೆ ಬಂದಿದ್ದು ಯಾರೂ ಮರೆತಿಲ್ಲ. ಅಂಥ ವಾರದಲ್ಲಿ ಮೇಲಿನ ನಕ್ಷೆ ಹಸಿರು ಇದೆ ಅಂತ ಯಾರಾದರೂ ನಿರಾಳವಾಗಿ ಕೂತರೆ ಗತಿ ಏನು?

ಇನ್ನೊಂದು ಬಗೆಯ ಉಪಗ್ರಹ ಇದೆ. ಅಮೆರಿಕದ ನಾಸಾ ಮತ್ತು ಜಪಾನಿನ ಜಾಕ್ಸಾ ಸೇರಿ 2014ರಲ್ಲಿ ಹಾರಿಸಿದ ಜಿಪಿಎಂ. ಅದರಲ್ಲಿ ರಾಡಾರೇ ಇದೆ, ಮೋಡದ ಒಳಗೂ ನೋಡುತ್ತದೆ. ತುಂಬ ಒಳ್ಳೆಯ ಕೆಲಸ, ಅನುಮಾನವಿಲ್ಲ. ಆದರೆ ಅದು ಒಂದೇ ಕಡೆ ನಿಂತಿರುವುದಿಲ್ಲ, ಸುತ್ತುತ್ತಾ ಹೋಗುತ್ತದೆ. ನಮ್ಮ ಊರ ಮೇಲೆ ಮಳೆ ಬಿದ್ದ ಆ ಮುಕ್ಕಾಲು ಗಂಟೆಯಲ್ಲಿ ಅದು ಬೇರೆ ಖಂಡದ ಮೇಲಿರಬಹುದು. ಅದಕ್ಕೇ ಬೇರೆ ಬೇರೆ ಉಪಗ್ರಹಗಳ ಮಾಹಿತಿ ಕಲಸಿ ಅರ್ಧ ಗಂಟೆಗೊಂದು ನಕ್ಷೆ ಮಾಡುತ್ತಾರೆ, ಐಮರ್ಗ್ ಅಂತ ಅದರ ಹೆಸರು. ಅದರ ಒಂದೊಂದು ಚೌಕ ಸುಮಾರು 11 ಕಿಲೋಮೀಟರ್ ಉದ್ದ, 11 ಅಗಲ. ಅಂದರೆ ಹತ್ತಿರ ಹತ್ತಿರ 120 ಚದರ ಕಿಲೋಮೀಟರ್. ನಮ್ಮ ಎರೆ ಸೀಮೆಯಲ್ಲಿ ಅಷ್ಟರೊಳಗೆ ಎಷ್ಟು ಹಳ್ಳಿ ಬರುತ್ತವೆ ನೀವೇ ಎಣಿಸಿ. ಎರಡು ಮೂರು ಕಿಲೋಮೀಟರಿನೊಳಗೆ ಹುಯ್ದ ಮಳೆಯನ್ನು ಇಡೀ ಚೌಕಕ್ಕೆ ಹಂಚಿದರೆ ಎಲ್ಲರಿಗೂ ಸಾಧಾರಣ ಮಳೆ ಅಂತ ಬರುತ್ತದೆ. ಕೊಚ್ಚಿ ಹೋದವನ ಮಳೆ ಲೆಕ್ಕದಲ್ಲಿ ಮಾಯ.

ಒಂದು ಮಾತು ಇಲ್ಲಿ ಗಮನಿಸಬೇಕು. ಐಮರ್ಗ್‌ನ ಮೊದಲ ಲೆಕ್ಕ ನಾಲ್ಕು ಗಂಟೆ ಆಸುಪಾಸಿನಲ್ಲಿ ಬರುತ್ತದೆ, ಕೊನೆಯ ಲೆಕ್ಕ ಬರಲು ಮೂರೂವರೆ ತಿಂಗಳು ಬೇಕು. ಕೊನೆಯದನ್ನು ನೆಲದ ಮಳೆ ಮಾಪಕಗಳ ಲೆಕ್ಕದ ಜೊತೆ ಹೋಲಿಸಿ ತಿದ್ದುತ್ತಾರೆ. ಉಪಗ್ರಹ ಮಾಡಿದವರೇ ಕೊನೆಗೆ ನೆಲದ ಮಾಪಕವನ್ನು ಕೇಳುತ್ತಾರೆ ಅಂದ ಮೇಲೆ, ನಮ್ಮ ಕಚೇರಿಗಳು ಆ ಮೊದಲ ಲೆಕ್ಕದ ಬಣ್ಣ ತೋರಿಸಿ ರೈತನ ಬಾಯಿ ಮುಚ್ಚಿಸುವುದು ಯಾವ ನ್ಯಾಯ?

ಸರಿ, ಉಪಗ್ರಹ ದೂರದ್ದಾಯಿತು, ರಾಡಾರ್ ಹತ್ತಿರದ್ದಲ್ವಾ ಅಂತ ಕೇಳುತ್ತಾರೆ. ಹೌದು, ರಾಡಾರ್ ಎಷ್ಟೋ ಮೇಲು. ಆದರೆ ಅದೂ ನೀರನ್ನು ಅಳೆಯುವುದಿಲ್ಲ. ಅಲೆ ಬಿಡುತ್ತದೆ, ಹನಿಗೆ ಬಡಿದು ಎಷ್ಟು ವಾಪಸ್ ಬಂತು ಅಂತ ನೋಡುತ್ತದೆ. ತೊಡಕು ಹನಿಯ ಗಾತ್ರದಲ್ಲಿದೆ. 1 ಮಿ.ಮೀ. ದಪ್ಪದ ಹನಿಗಿಂತ 2 ಮಿ.ಮೀ. ದಪ್ಪದ ಹನಿಯಲ್ಲಿ ನೀರು 8 ಪಟ್ಟು ಜಾಸ್ತಿ. ಆದರೆ ಅದು ವಾಪಸ್ ಕಳಿಸುವ ಅಲೆ 64 ಪಟ್ಟು ಜಾಸ್ತಿ. ಹೀಗಾಗಿ ನಾಲ್ಕು ದೊಡ್ಡ ಹನಿ ಬಿದ್ದ ಕಡೆ ರಾಡಾರ್ ಜೋರು ಮಳೆ ಅನ್ನುತ್ತದೆ, ಸಣ್ಣ ಹನಿ ದಟ್ಟವಾಗಿ ಸುರಿದ ಕಡೆ ಕಡಿಮೆ ಅನ್ನುತ್ತದೆ. ವಾಪಸ್ ಬಂದ ಅಲೆಯನ್ನು ಮಳೆಗೆ ತಿರುಗಿಸುವ ಸೂತ್ರವನ್ನು ಮಾರ್ಷಲ್ ಮತ್ತು ಪಾಮರ್ ಅನ್ನುವ ಇಬ್ಬರು 1948ರಲ್ಲೇ ಕೊಟ್ಟರು. ಆಮೇಲೆ ಬೇರೆ ಬೇರೆ ಊರಿಗೆ, ಬೇರೆ ಬೇರೆ ಮಳೆಗೆ ಎಷ್ಟೋ ಸೂತ್ರ ಬಂದಿವೆ. ಯಾವುದೇ ಒಂದು ಸೂತ್ರ ಎಲ್ಲ ಮಳೆಗೂ ಸರಿಹೋಗುವುದಿಲ್ಲ.

ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಆಲಿಕಲ್ಲು ಬೀಳುತ್ತದೆ. ನೆನೆದ ಆಲಿಕಲ್ಲಿಗೆ ಬಡಿದ ಅಲೆ ಭಾರೀ ಜೋರಾಗಿ ವಾಪಸ್ ಬರುತ್ತದೆ, ರಾಡಾರ್ ಅದನ್ನು ಪ್ರಳಯದಂಥ ಮಳೆ ಅಂತ ಲೆಕ್ಕ ಹಾಕಬಹುದು. ಹೊಸ ರಾಡಾರ್‌ಗಳು ಅಡ್ಡ ಮತ್ತು ಉದ್ದ ಎರಡೂ ಬಗೆಯ ಅಲೆ ಬಿಡುತ್ತವೆ. ದೊಡ್ಡ ಹನಿ ಬೀಳುವಾಗ ಚಪ್ಪಟೆಯಾಗುತ್ತದೆ, ಆಲಿಕಲ್ಲು ಉರುಳುತ್ತಾ ಬರುವುದರಿಂದ ಹಾಗೆ ಕಾಣುವುದಿಲ್ಲ, ಆ ವ್ಯತ್ಯಾಸದಿಂದ ಎರಡನ್ನೂ ಬೇರೆ ಮಾಡಬಹುದು. ಇದು ನಿಜಕ್ಕೂ ದೊಡ್ಡ ಸುಧಾರಣೆ.

ಸಣ್ಣ ರಾಡಾರ್‌ಗಳಲ್ಲಿ ಮತ್ತೊಂದು ಕಷ್ಟ. ಎಕ್ಸ್ ಬ್ಯಾಂಡ್ ಅನ್ನುವ, 3 ಸೆಂಟಿಮೀಟರ್ ಅಲೆಯ ರಾಡಾರ್‌ಗೆ ಖರ್ಚು ಕಡಿಮೆ, ಎಲ್ಲಿ ಬೇಕಾದರೂ ಕೂರಿಸಬಹುದು. ಆದರೆ ಎದುರಿಗೇ ಜೋರು ಮಳೆ ಬಂತೆಂದರೆ ಆ ಮಳೆಯೇ ಅಲೆಯನ್ನು ನುಂಗುತ್ತದೆ. ಅದರ ಹಿಂದಿರುವ ಊರಿನಲ್ಲಿ ಇನ್ನೂ ಜೋರಾಗಿ ಹುಯ್ಯುತ್ತಿದ್ದರೂ ಪರದೆಯ ಮೇಲೆ ಮಳೆ ಇಲ್ಲದ ಹಾಗೆ ಕಾಣಬಹುದು. 10 ಸೆಂಟಿಮೀಟರ್ ಅಲೆಯ ದೊಡ್ಡ ಎಸ್ ಬ್ಯಾಂಡ್ ರಾಡಾರ್‌ಗೆ ಈ ತೊಂದರೆ ಬಹಳ ಕಡಿಮೆ.

ದೊಡ್ಡ ರಾಡಾರ್ ಇದ್ದರೂ ದೂರದ ಪ್ರಶ್ನೆ ಬಿಡುವುದಿಲ್ಲ. ಪಣಜಿಯಲ್ಲಿ ಹವಾಮಾನ ಇಲಾಖೆಯ ದೊಡ್ಡ ರಾಡಾರ್ ಇದೆ. ಅಲ್ಲಿಂದ ಬೆಳಗಾವಿ ನೇರ ದಾರಿಯಲ್ಲಿ ಸುಮಾರು 80 ಕಿಲೋಮೀಟರ್, ಬಾಗಲಕೋಟೆ 200ರ ಮೇಲೆ, ವಿಜಯಪುರ ಹತ್ತಿರ ಹತ್ತಿರ 250. ಭೂಮಿ ದುಂಡಗಿದೆ, ರಾಡಾರ್ ಕಿರಣ ಸ್ವಲ್ಪ ಮೇಲ್ಮುಖವಾಗಿ ಹೋಗುತ್ತದೆ. ಅರ್ಧ ಡಿಗ್ರಿ ಏರು ಅಂತ ಹಿಡಿದರೂ ಬೆಳಗಾವಿ ಹತ್ತಿರ ಆ ಕಿರಣ ಸಮುದ್ರ ಮಟ್ಟದಿಂದ ಒಂದು ಕಿಲೋಮೀಟರ್ ಎತ್ತರದಲ್ಲಿರುತ್ತದೆ, ಬಾಗಲಕೋಟೆ ಮೇಲೆ ನಾಲ್ಕೂವರೆ, ವಿಜಯಪುರದ ಮೇಲೆ ಸುಮಾರು ಆರು ಕಿಲೋಮೀಟರ್. ನಡುವೆ ಸಹ್ಯಾದ್ರಿ ಗುಡ್ಡ ಬೇರೆ. ಆರು ಕಿಲೋಮೀಟರ್ ಮೇಲೆ ಇರುವುದು ಹಿಮದ ಕಣ, ನೀರಲ್ಲ. ಅಲ್ಲಿ ಕಂಡದ್ದು ನಮ್ಮ ಹೊಲಕ್ಕೆ ಬೀಳುವಷ್ಟರಲ್ಲಿ ಬೇಸಿಗೆಯ ಒಣ ಗಾಳಿಗೆ ಅರ್ಧ ಆರಿಹೋಗಿರಬಹುದು, ಇಲ್ಲವೇ ಕಿರಣದ ಕೆಳಗೇ ತೂರಿಕೊಂಡು ಬಂದ ಮೋಡ ಯಾರ ಕಣ್ಣಿಗೂ ಬೀಳದೆ ಸುರಿದು ಹೋಗಿರಬಹುದು. ನಮ್ಮ ಭಾಗಕ್ಕೆ ಹತ್ತಿರದಲ್ಲೇ ರಾಡಾರ್ ಬೇಕು ಅಂತ ಕೇಳುವುದು ಇದಕ್ಕೇ, ಮತ್ತು ಆ ಬೇಡಿಕೆಗೆ ನನ್ನ ಪೂರ್ತಿ ಬೆಂಬಲ ಇದೆ.

ಆದರೆ ರಾಡಾರ್ ಬಂದರೆ ಎಲ್ಲ ಸರಿಹೋಯಿತು ಅಂತಲ್ಲ. ಡೆನ್ಮಾರ್ಕ್, ನೆದರ್ಲೆಂಡ್ಸ್, ಫಿನ್‌ಲೆಂಡ್, ಸ್ವೀಡನ್ ಈ ನಾಲ್ಕೂ ದೇಶಗಳಲ್ಲಿ ರಾಡಾರ್‌ಗೇನೂ ಕೊರತೆ ಇಲ್ಲ. ಅಲ್ಲಿನ ಜೋರು ಮಳೆಗಳನ್ನು ಆರಿಸಿ ಮಾಪಕದ ಜೊತೆ ಹೋಲಿಸಿದ ಒಂದು ಅಧ್ಯಯನ 2020ರಲ್ಲಿ ಬಂತು. ರಾಡಾರ್ ಸರಾಸರಿ 17ರಿಂದ 44 ಶೇಕಡಾ ಕಡಿಮೆ ತೋರಿಸಿತ್ತು. ಮಳೆ ಜೋರಾದಷ್ಟೂ ಕೊರತೆ ಜಾಸ್ತಿ. ಅವರ ಕಥೆಯೇ ಹೀಗಿದ್ದರೆ ನಮ್ಮದು?

ಒಂದೇ ಊರಿನಲ್ಲಿ ಮಳೆ ಎಷ್ಟು ಬೇರೆಯಾಗಬಹುದು ಅನ್ನುವುದಕ್ಕೆ ಮುಂಬೈಗಿಂತ ಬೇರೆ ಸಾಕ್ಷಿ ಬೇಡ. 2005ರ ಜುಲೈ 26ಕ್ಕೆ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಅಳೆದರು. ಅದೇ ಮುಂಬೈನ ಕೊಲಾಬಾದಲ್ಲಿ ಬರೀ 73. ಎರಡಕ್ಕೂ ನಡುವೆ ಇರುವ ದೂರ 25 ಕಿಲೋಮೀಟರ್ ಕೂಡ ಇಲ್ಲ. ಕೊಲಾಬಾದ ಅಂಕಿಯೊಂದೇ ಇದ್ದಿದ್ದರೆ ಅವತ್ತು ಮುಂಬೈಯಲ್ಲಿ ಏನೂ ಆಗಿಲ್ಲ ಅಂತಲೇ ಬರೆಯಬೇಕಿತ್ತು. ಅಂದರೆ ಮಾಪಕ ಇದ್ದರೆ ಸಾಲದು, ಹತ್ತಿರ ಹತ್ತಿರ ಇರಬೇಕು.

ಈ ವಿಷಯದಲ್ಲಿ ಕರ್ನಾಟಕ ಹೆಮ್ಮೆ ಪಡಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯತಿಗೊಂದರಂತೆ ರಾಜ್ಯದಲ್ಲಿ 6,000ಕ್ಕೂ ಜಾಸ್ತಿ ಮಳೆ ಮಾಪಕ ಹಾಕಿದ್ದಾರೆ. ತಾನೇ ಅಳೆದು ತಾನೇ ಕಳಿಸುವ ಮಾಪಕ, 15 ನಿಮಿಷಕ್ಕೊಮ್ಮೆ ಲೆಕ್ಕ ಬರುತ್ತದೆ. ಇಷ್ಟು ದಟ್ಟವಾದ ಜಾಲ ಬೇರೆ ಕಡೆ ಸುಲಭಕ್ಕೆ ಸಿಗುವುದಿಲ್ಲ. ಹೀಗಿದ್ದೂ ನಾವು ಬಣ್ಣದ ನಕ್ಷೆ ನೋಡಿ ಮಾತಾಡುತ್ತೇವಲ್ಲ, ಅದೇ ನನಗೆ ಬೇಜಾರು.

ಮಾಪಕವನ್ನು ಹತ್ತಿರದಿಂದ ನೋಡಿದವರಿಗೆ ಅದರ ಕಷ್ಟವೂ ಗೊತ್ತು. ಮೇಲೆ ಒಂದು ಕೊಳವೆ ಬಾಯಿ, ಅದರ ಕೆಳಗೆ ಚಮಚದಷ್ಟೇ ದೊಡ್ಡ ಎರಡು ಬುಟ್ಟಿ. ಒಂದು ತುಂಬಿದರೆ ಮಗುಚುತ್ತದೆ, ಇನ್ನೊಂದು ಬಾಯಿಗೆ ಬರುತ್ತದೆ, ಒಂದೊಂದು ಮಗುಚಿಗೂ ಒಂದು ಎಣಿಕೆ. ತೀರಾ ಜೋರು ಮಳೆಯಲ್ಲಿ ಬುಟ್ಟಿ ಮಗುಚುವಷ್ಟರಲ್ಲಿ ಒಂದಷ್ಟು ನೀರು ಎಣಿಕೆಗೆ ಸಿಗದೆ ಹೋಗುತ್ತದೆ. ಬಿರುಗಾಳಿ ಇದ್ದರೆ ಹನಿ ಬಾಯಿಯ ಮೇಲಿಂದ ಹಾರಿಹೋಗುತ್ತದೆ. ಇನ್ನು ನಮ್ಮ ಕಡೆಯ ಧೂಳು. ಬೇಸಿಗೆಯೆಲ್ಲ ಎರೆಮಣ್ಣಿನ ಧೂಳು, ಬೇವಿನ ಎಲೆ, ಹಕ್ಕಿ ಪಿಕ್ಕೆ ಸೇರಿ ಕೊಳವೆಯ ತೂತು ಕಟ್ಟಿಕೊಂಡಿರುತ್ತದೆ. ಮೊದಲ ದೊಡ್ಡ ಮಳೆ ಬಂದಾಗ ನೀರು ಬಾಯಲ್ಲೇ ನಿಂತು ತೊಟ್ಟು ತೊಟ್ಟಾಗಿ ರಾತ್ರಿಯೆಲ್ಲ ಇಳಿಯುತ್ತದೆ. ಅರ್ಧ ಗಂಟೆಯ ಹೊಡೆತದ ಮಳೆ ಲೆಕ್ಕದಲ್ಲಿ ಇಡೀ ರಾತ್ರಿಯ ಜಿಟಿಜಿಟಿ ಮಳೆಯಾಗುತ್ತದೆ. ಮರ, ಗೋಡೆ ಎಷ್ಟು ಎತ್ತರ ಇದೆಯೋ ಅದರ ಎರಡು ಪಟ್ಟು ದೂರದಲ್ಲಾದರೂ ಮಾಪಕ ಇರಬೇಕು ಅಂತ ನಿಯಮ. ಮಾಪಕ ಹಾಕುವಾಗ ಮೊಳಕಾಲೆತ್ತರ ಇದ್ದ ಬೇವು ಈಗ ಮಾಳಿಗೆ ದಾಟಿರುತ್ತದೆ, ಅದನ್ನು ನೋಡುವವರು ಬೇಕಲ್ಲ. ನಮ್ಮ ಪಂಚಾಯತಿಗಳು ಮುಂಗಾರಿಗೆ ಮೊದಲು ಒಂದು ಸಲ, ಹಿಂಗಾರಿಗೆ ಮೊದಲು ಒಂದು ಸಲ ಕೊಳವೆ ತೊಳೆದು, ಕೊಂಬೆ ಕತ್ತರಿಸಿ, ಅಳತೆ ಮಾಡಿದ ನೀರು ಹೊಯ್ದು ಎಣಿಕೆ ಸರಿ ಬರುತ್ತದಾ ಅಂತ ಪರೀಕ್ಷೆ ಮಾಡಿದರೆ ಸಾಕು, ಅರ್ಧ ದಿನದ ಕೆಲಸ. ತೋಟಗಾರಿಕೆ ಬೆಳೆಯ ಹವಾಮಾನ ಆಧಾರಿತ ವಿಮೆಗೆ ಈ ಮಾಪಕದ ಅಂಕಿಯೇ ಆಧಾರ. ದ್ರಾಕ್ಷಿ, ದಾಳಿಂಬೆ, ಲಿಂಬೆ ಬೆಳೆದವರ ಅನ್ನ ಆ ಪುಟ್ಟ ಬುಟ್ಟಿಯ ಮೇಲಿದೆ.

ರೈತ ಬಾಂಧವರಲ್ಲೂ ಒಂದು ವಿನಂತಿ. ನಿಮ್ಮ ಹೊಲದಲ್ಲೂ ಒಂದು ಮಾಪಕ ಇಡಿ. ಕೊಳ್ಳಲೇಬೇಕು ಅಂತಿಲ್ಲ. ಬಾಯಿಂದ ತಳದವರೆಗೆ ಒಂದೇ ಅಗಲ ಇರುವ ಡಬ್ಬಿಯನ್ನು ಬಯಲಿನಲ್ಲಿಟ್ಟು ಬೆಳಿಗ್ಗೆ ಎಂಟೂವರೆಗೆ ಸ್ಕೇಲ್ ಹಾಕಿ ನೀರಿನ ಎತ್ತರ ನೋಡಿದರೆ ಅದೇ ಮಿಲಿಮೀಟರ್. ಹವಾಮಾನ ಇಲಾಖೆಯವರೂ ಬೆಳಿಗ್ಗೆ 8.30ಕ್ಕೇ ಅಳೆಯುತ್ತಾರೆ, ಅದೇ ಹೊತ್ತಿಗೆ ಅಳೆದರೆ ಹೋಲಿಸಲು ಸುಲಭ. ದಿನಾಂಕ ಹಾಕಿ ಬರೆದಿಡಿ, ಡಬ್ಬಿಯ ಫೋಟೋ ತೆಗೆದಿಡಿ. ಒಂದು ಎಕರೆಗೆ 100 ಮಿ.ಮೀ. ಮಳೆ ಅಂದರೆ ನಾಲ್ಕು ಲಕ್ಷ ಲೀಟರ್ ನೀರು. ಅಷ್ಟು ನೀರು ಬಿತ್ತು ಅಂತ ಹೇಳುವಾಗ ಕೈಯಲ್ಲಿ ಒಂದು ಬರಹ ಇದ್ದರೆ ಎದುರಿನವರು ಕೇಳಲೇಬೇಕಾಗುತ್ತದೆ.

ರಾಡಾರ್, ಉಪಗ್ರಹ ಬೇಡ ಅನ್ನುವವನು ನಾನಲ್ಲ. ಮೋಡ ಎಲ್ಲಿ ಎದ್ದಿತು, ಯಾವ ಕಡೆ ಹೊರಟಿತು, ಮುಂದಿನ ಒಂದೆರಡು ಗಂಟೆಯಲ್ಲಿ ಯಾರಿಗೆ ಹೊಡೆತ ಅನ್ನುವುದನ್ನು ರಾಡಾರ್ ಬಿಟ್ಟು ಬೇರೆ ಯಾವುದೂ ಹೇಳಲಾರದು. 2009ರ ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಮೊದಲ ವಾರದಲ್ಲಿ ವಿಜಯಪುರ, ಬಾಗಲಕೋಟೆ, ರಾಯಚೂರು ಕಡೆ ಸುರಿದ ಮಳೆಗೆ ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಮಣ್ಣಿನ ಮಾಳಿಗೆ ಮನೆಗಳು ರಾತ್ರಿ ಮಲಗಿದವರ ಮೇಲೇ ಕುಸಿದವು. ಅಂಥ ಮಳೆಯ ಮುನ್ನೆಚ್ಚರಿಕೆಗೆ ಆಕಾಶದ ಕಣ್ಣು ಬೇಕೇ ಬೇಕು, ಅಂದಾಜು ಆದರೂ ಪರವಾಗಿಲ್ಲ, ಜನರನ್ನು ಎಬ್ಬಿಸಿ ಹೊರಗೆ ಕರೆಯಲು ಅಷ್ಟು ಸಾಕು. ಮಳೆ ಮುಗಿದ ಮೇಲೆ ಯಾರಿಗೆ ಎಷ್ಟು ಬಿತ್ತು ಅನ್ನುವ ಲೆಕ್ಕಕ್ಕೆ ಮಾತ್ರ ನೆಲದ ಮಾಪಕ ಬೇಕು, ಮತ್ತು ಹೊಲಕ್ಕೆ ಬಂದು ನೋಡುವ ತಲಾಟಿ ಬೇಕು.

ಇನ್ನು ನಿಮ್ಮ ಪತ್ರಿಕೆಯ ಮಾತು. ಮಳೆಗಾಲದಲ್ಲಿ ಆಲಮಟ್ಟಿ, ಹಿಡಕಲ್, ನವಿಲುತೀರ್ಥದ ನೀರಿನ ಮಟ್ಟವನ್ನು ದಿನಾ ಹಾಕುತ್ತೀರಿ, ನಾವೆಲ್ಲ ಮೊದಲು ಓದುವುದೇ ಅದನ್ನು. ಅದರ ಕೆಳಗೆ ಕಣಕುಂಬಿ, ಮಹಾಬಳೇಶ್ವರ ಮತ್ತು ಕೊಯ್ನಾ ಹತ್ತಿರದ ನವಜಾದಲ್ಲಿ ಅಳೆದ ಮಳೆಯನ್ನೂ ಹಾಕಿ. ಮಹಾರಾಷ್ಟ್ರದ ಪತ್ರಿಕೆಗಳು ಕೊಯ್ನಾ, ನವಜಾ, ಮಹಾಬಳೇಶ್ವರದ ಅಂಕಿಯನ್ನು ಮಳೆಗಾಲದಲ್ಲಿ ಹಾಕುತ್ತಲೇ ಇರುತ್ತವೆ, ಆ ನೀರು ಕುಡಿಯುವ, ಆ ನೀರಿಗೆ ಹೆದರುವ ನಮಗೂ ಅದು ಗೊತ್ತಾಗಲಿ. ಒಂದು ಗಂಟೆಯಲ್ಲಿ 100 ಮಿ.ಮೀ. ಬಿದ್ದರೆ ಅದನ್ನು ಮೇಘಸ್ಫೋಟ ಅನ್ನುತ್ತಾರೆ, ಹಾಗಾಗಿ ಮಾಪಕದ ಅಂಕಿ ಸಿಗುವ ಮೊದಲು ಆ ತಲೆಬರಹ ಕೊಡಬೇಡಿ. ಆ್ಯಪಿನ ಚಿತ್ರ ಹಾಕಿದರೆ ಅದು ಕಂಪ್ಯೂಟರ್ ಲೆಕ್ಕ ಅಂತ ಕೆಳಗೆ ಬರೆಯಿರಿ, ಎಷ್ಟೋ ಜನ ಅದನ್ನು ರಾಡಾರ್ ಅಂತಲೇ ತಿಳಿದಿದ್ದಾರೆ. ಅಂಕಿಯ ಪಕ್ಕ "ಪಂಚಾಯತಿ ಮಾಪಕ, ಬೆಳಿಗ್ಗೆ 8.30ರವರೆಗೆ" ಅಂತಲೋ, "ಉಪಗ್ರಹದ ಅಂದಾಜು" ಅಂತಲೋ ಹಾಕಿದರೆ ಒಂದು ಸಾಲು ಜಾಗ ಹೋಗುತ್ತದೆ ಅಷ್ಟೇ. ಮುಂದಿನ ಸಲ ಅರ್ಜಿ ಹಿಡಿದು ಹೋಗುವವರು ಆ ಸಾಲನ್ನೇ ಕತ್ತರಿಸಿಕೊಂಡು ಹೋಗುತ್ತಾರೆ.

ಇಂತಿ,
ಒಬ್ಬ ದ್ರಾಕ್ಷಿ ಬೆಳೆಗಾರ
ತಿಕೋಟಾ ತಾಲ್ಲೂಕು, ವಿಜಯಪುರ ಜಿಲ್ಲೆ